ಸೊಂಟದ ಗುಂಡು ಕುಸಿಯುವ ಮೊದಲೇ: ಎವಿಎನ್ ಆಪರೇಷನ್ ಹೇಗೆ ನಡೆಯುತ್ತದೆ?

ತೊಡೆಮೂಳೆಯ ಮೇಲ್ತುದಿ ಚೆಂಡಿನಂತೆ ಗುಂಡಗಿದೆ. ಇದೇ ಸೊಂಟದ ಕೀಲಿನ ಗುಂಡು. ಅದಕ್ಕೆ ರಕ್ತ ಒಯ್ಯುವ ನಾಳಗಳು ಬಹಳ ಸಣ್ಣವು. ರಕ್ತ ನಿಂತರೆ ಮೂಳೆ ಒಳಗೊಳಗೇ ಸಾಯುತ್ತದೆ. ಆಸ್ಪತ್ರೆಗಳಲ್ಲಿ ಇದಕ್ಕೆ ಎವಿಎನ್ (ಅವ್ಯಾಸ್ಕುಲರ್ ನೆಕ್ರೋಸಿಸ್) ಎನ್ನುತ್ತಾರೆ. ಸ್ಟೀರಾಯ್ಡ್ ಜಾಸ್ತಿ ತೆಗೆದುಕೊಂಡವರು, ವಿಪರೀತ ಕುಡಿಯುವವರು, ಸೊಂಟದ ಕೀಲಿಗೆ ಪೆಟ್ಟು ಬಿದ್ದವರು, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವವರು ಎಚ್ಚರದಿಂದಿರಬೇಕು.

ಮೊದಲ ಹೆಜ್ಜೆ ಎಂಆರ್‌ಐ. ತೊಡೆಸಂದಿನಲ್ಲಿ ನೋವು, ಕೆಲವರಿಗೆ ಮಂಡಿಯಲ್ಲೂ ನೋವು. ಎಕ್ಸ್‌ರೇ ಚೆನ್ನಾಗಿದೆ ಎಂದು ನೋವಿನ ಮಾತ್ರೆ ನುಂಗುತ್ತಾ ಸುಮ್ನೆ ಕೂರಬೇಡಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಎರಡೂ ಕಡೆಯ ಸೊಂಟ ನೋಡಿಸಿ. ನೋವಿಲ್ಲದ ಕಡೆಯೂ ಕಾಯಿಲೆ ಇರುವುದುಂಟು.

ಗುಂಡು ಕುಸಿದಿದೆಯೋ ಇಲ್ಲವೋ? ಯಾವ ಆಪರೇಷನ್ ಎಂಬುದು ಹೆಚ್ಚಾಗಿ ಇದರ ಮೇಲೇ ನಿಂತಿದೆ.

ಕುಸಿದಿಲ್ಲದಿದ್ದರೆ ಕೋರ್ ಡಿಕಂಪ್ರೆಷನ್ ಮಾಡಬಹುದು. ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೆಳಭಾಗವನ್ನು ಮರಗಟ್ಟಿಸುತ್ತಾರೆ. ತೊಡೆಯ ಹೊರಬದಿಯಲ್ಲಿ ಚಿಕ್ಕ ಗಾಯ ಮಾಡಿ, ಎಕ್ಸ್‌ರೇ ಪರದೆ ನೋಡುತ್ತಾ ಸತ್ತ ಭಾಗದವರೆಗೆ ತೆಳು ತಂತಿ ತೂರಿಸುತ್ತಾರೆ. ಅದೇ ದಾರಿಯಲ್ಲಿ ಡ್ರಿಲ್ ಹೋಗುತ್ತದೆ. ಕೆಲವರು ಒಂದೇ ದೊಡ್ಡ ರಂಧ್ರ ಮಾಡುತ್ತಾರೆ, ಕೆಲವರು ಸುಮಾರು 3 ಮಿಲಿಮೀಟರಿನ ಹಲವು ರಂಧ್ರ. ಒಳಗಿನ ಒತ್ತಡ ಇಳಿದು, ಹೊಸ ರಕ್ತನಾಳ ಬೆಳೆಯಲು ದಾರಿಯಾಗಲಿ ಎಂಬುದೇ ಉದ್ದೇಶ. ಸೊಂಟದ ಮೂಳೆಯಿಂದಲೇ ತೆಗೆದ ಮಜ್ಜೆಯನ್ನು ಅಲ್ಲಿಗೆ ತುಂಬುವುದೂ ಇದೆ, ಮೂಳೆಯ ಚೂರು ಕಸಿ ಮಾಡುವುದೂ ಇದೆ.

ಆಮೇಲಿನ ಸುಮಾರು 6 ವಾರ ಮುಖ್ಯ. ರಂಧ್ರ ಮಾಡಿದ ಮೂಳೆ ಸ್ವಲ್ಪ ದಿನ ದುರ್ಬಲವಾಗಿರುತ್ತದೆ. ನೋವು ಇಳಿಯಿತೆಂದು ವಾಕರ್ ಬದಿಗಿಟ್ಟು ಪೂರ್ತಿ ಭಾರ ಹಾಕಿದರೆ ತೊಡೆಮೂಳೆಯೇ ಮುರಿಯಬಹುದು. ಡಾಕ್ಟರ್ ಹೇಳುವವರೆಗೆ ವಾಕರ್ ಬಿಡಬೇಡಿ. ಈ ಆಪರೇಷನ್ ಎಲ್ಲರಿಗೂ ಫಲಿಸುವುದಿಲ್ಲ. ಸತ್ತ ಭಾಗ ದೊಡ್ಡದಿದ್ದಷ್ಟೂ ಮುಂದೆ ಕುಸಿಯುವ ಭಯ ಹೆಚ್ಚು. ಆದರೂ ಕೀಲು ಉಳಿಸಿಕೊಳ್ಳುವ ಅವಕಾಶ ಸಿಗುವುದು ಈ ಹಂತದಲ್ಲೇ. ಅದಕ್ಕೇ ಎಂಆರ್‌ಐ ಬೇಗ ಮಾಡಿಸಿ ಎನ್ನುವುದು.

ಗುಂಡು ಕುಸಿದು ಕೀಲು ಸವೆದಿದ್ದರೆ ಕೀಲು ಬದಲಿಸುವುದೇ ಹೆಚ್ಚಿನವರಿಗೆ ಸರಿಯಾದ ದಾರಿ. ಹಾಳಾದ ಗುಂಡನ್ನು ಕತ್ತರಿಸಿ ತೆಗೆದು, ಅದು ಕೂರುವ ಬಟ್ಟಲಿನಂಥ ಜಾಗವನ್ನು ಕೆರೆದು ಲೋಹದ ಕಪ್ ಕೂರಿಸುತ್ತಾರೆ. ಅದರೊಳಗೆ ಪ್ಲಾಸ್ಟಿಕ್ ಅಥವಾ ಸೆರಾಮಿಕ್ ಪದರ. ತೊಡೆಮೂಳೆಯೊಳಗೆ ಲೋಹದ ಕಾಂಡ, ಅದರ ತುದಿಗೆ ಹೊಸ ಗುಂಡು. ಮರುದಿನವೇ ಎಬ್ಬಿಸಿ ನಡೆಸುವುದು ಈಗ ಮಾಮೂಲು.

ನೆಲದ ಮೇಲೆ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಭಾರತೀಯ ಶೈಲಿಯ ಶೌಚಾಲಯ ಬಳಸುವುದು ಯಾವಾಗ, ಎಷ್ಟರಮಟ್ಟಿಗೆ ಎಂದು ಮನೆಗೆ ಹೊರಡುವ ಮೊದಲೇ ಕೇಳಿಕೊಳ್ಳಿ. ಹೊಸ ಕೀಲು ಜಾರುವ ಅಪಾಯ ಮೊದಲ ಕೆಲವು ತಿಂಗಳಲ್ಲೇ ಜಾಸ್ತಿ. ಬೇರೆ ಕಾಯಿಲೆಗೆ ಸ್ಟೀರಾಯ್ಡ್ ನಡೆಯುತ್ತಿದ್ದರೆ ಗಾಬರಿಯಿಂದ ನೀವೇ ನಿಲ್ಲಿಸಬೇಡಿ. ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು. ಬರೆದುಕೊಟ್ಟ ಡಾಕ್ಟರ ಜೊತೆ ಮಾತಾಡಿ.