ಟ್ರೇಡ್‌ಮಾರ್ಕ್ ಹುಡುಕಾಟ: ಏಜೆಂಟರ ರಿಪೋರ್ಟ್ ಬಿಟ್ಟು ನಾನೇ ನೆಟ್ಟಿನಲ್ಲಿ ಮಾಡಿದ್ದು

ಶೇಂಗಾ ಚಟ್ನಿಪುಡಿ ಮಾಡುವ ನನ್ನ ಕಕ್ಷಿದಾರರೊಬ್ಬರ ಟ್ರೇಡ್‌ಮಾರ್ಕ್ ಮೊನ್ನೆ ನೋಂದಣಿಯಾಗಿ ಸರ್ಟಿಫಿಕೇಟ್ ಬಂತು. ಕ್ಲಾಸ್ 30, ಅಂದರೆ ಕಾಫಿ, ಹಿಟ್ಟು, ಮಸಾಲೆಯಂಥ ಸರಕಿನ ವರ್ಗ. ಹೆಚ್ಚುಕಡಿಮೆ ಅದೇ ಉಚ್ಚಾರಣೆಯ ಇನ್ನೊಂದು ಮಾರ್ಕ್ ಅದೇ ಕ್ಲಾಸಿನಲ್ಲಿ ಮೊದಲೇ ರಿಜಿಸ್ಟರ್ ಆಗಿ ಕೂತಿತ್ತು. ಅದನ್ನು ಪತ್ತೆ ಹಚ್ಚಿದ್ದು, ಅದರ ಕಡತ ಓದಿದ್ದು, ನೋಂದಣಿ ಕಚೇರಿಯ ಆಕ್ಷೇಪಕ್ಕೆ ಕೊಡುವ ಉತ್ತರಕ್ಕೆ ಬೇಕಾದ ತೀರ್ಪು, ಸಾಕ್ಷಿ ಕೂಡಿಸಿದ್ದು ಎಲ್ಲ ಹುಬ್ಬಳ್ಳಿಯ ನನ್ನ ಆಫೀಸಿನಲ್ಲೇ ಕೂತು, ಪುಕ್ಕಟೆ ಸಿಗುವ ವೆಬ್‌ಸೈಟುಗಳಿಂದ. ಇದು ಆಗುವ ಮಾತಲ್ಲ ಎಂದು ಬಾರ್ ರೂಮಿನಲ್ಲಿ ಹೇಳಿದವರೇ ಹೆಚ್ಚು. "ಏ ತಮ್ಮಾ, ಚೆನ್ನೈದಾಗ ಒಬ್ಬ ಏಜೆಂಟನ್ನ ಹಿಡಿ, ಸುಮ್ನ ಕಂಪ್ಯೂಟರ್ ಮುಂದ ಕುಂತು ಕಣ್ಣು ಹಾಳ ಮಾಡ್ಕೋಬ್ಯಾಡ" ಎಂದು ಸೀನಿಯರ್ ಒಬ್ಬರು ಪ್ರೀತಿಯಿಂದಲೇ ಹೇಳಿದ್ದರು. ಕರ್ನಾಟಕ ಚೆನ್ನೈನ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ (ನೋಂದಣಿ ಕಚೇರಿಯ) ವ್ಯಾಪ್ತಿಗೆ ಬರುವುದರಿಂದ ಅಲ್ಲೊಬ್ಬರು ಇರಲೇಬೇಕು ಎಂಬುದು ಹಳೆಯ ಲೆಕ್ಕ. ಅರ್ಜಿಯೂ ಆನ್‌ಲೈನ್, ಹಿಯರಿಂಗೂ ವಿಡಿಯೋ ಕಾನ್ಫರೆನ್ಸ್ ಆದ ಮೇಲೆ ಆ ಲೆಕ್ಕ ಉಳಿದಿಲ್ಲ.

ಅರ್ಜಿಯ ಫಾರಂ ಟಿಎಂ-ಎ ತುಂಬುವುದು, ಕ್ಲಾಸ್ ಆರಿಸುವುದು ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಮೊದಮೊದಲು ಹೋಲುವ ಮಾರ್ಕ್ ಮೊದಲೇ ಇದೆಯೇ ಎಂದು ತಿಳಿಯಲು ನಾನೂ ದುಡ್ಡು ಕೊಟ್ಟು ಸರ್ಚ್ ರಿಪೋರ್ಟ್ ತರಿಸುತ್ತಿದ್ದೆ. ಒಂದು ಕ್ಲಾಸಿಗೆ ಸಾವಿರದ ಐನೂರರಿಂದ ಎರಡು ಸಾವಿರ. ಬಣ್ಣದ ಮುಖಪುಟ, ಒಳಗೆ ನಾಲ್ಕು ಹಾಳೆ, ಕೊನೆಯಲ್ಲಿ "ಅಡ್ಡಿ ಕಾಣಲಿಲ್ಲ". ಅಂಥದೊಂದು ರಿಪೋರ್ಟ್ ನಂಬಿ ಹಪ್ಪಳದ ಒಂದು ಘಟಕಕ್ಕೆ ಅರ್ಜಿ ಹಾಕಿದೆವು. ರಿಜಿಸ್ಟ್ರಿಯ ಪರೀಕ್ಷಾ ವರದಿ ಬಂದಾಗ, ಮೊದಲೇ ಇರುವುದಕ್ಕೆ ಹೋಲುತ್ತದೆ ಎಂದು ಸೆಕ್ಷನ್ 11ರ ಅಡಿ ಎರಡು ಮಾರ್ಕ್ ತೋರಿಸಿದ್ದರು. ಶುಲ್ಕದ 4,500 ರೂಪಾಯಿ ವಾಪಸ್ ಬರುವಂಥದ್ದಲ್ಲ. ಅದಾದರೂ ಸಣ್ಣ ಗಂಟು. ಆ ಮನುಷ್ಯ ರಿಪೋರ್ಟ್ ನೋಡಿದ ಧೈರ್ಯದ ಮೇಲೆ ಪೌಚ್ ಪ್ರಿಂಟಿಂಗಿಗೆ ಸಿಲಿಂಡರ್ ಮಾಡಿಸಿಬಿಟ್ಟಿದ್ದ. ಸಿಲಿಂಡರ್, ಪೌಚಿನ ರೋಲ್ ಎಲ್ಲ ಸೇರಿ ಎಪ್ಪತ್ತು ಸಾವಿರದ ಆಸುಪಾಸು. ಅಡ್ಡ ಬಂದ ಎರಡೂ ಮಾರ್ಕ್ ಯಾರು ಬೇಕಾದರೂ ನೋಡಬಹುದಾದ ರಿಜಿಸ್ಟ್ರಿಯ ಪಬ್ಲಿಕ್ ಸರ್ಚ್‌ನಲ್ಲೇ ಇದ್ದವು, ಕಾಗುಣಿತ ಮಾತ್ರ ಬೇರೆ. ರಿಪೋರ್ಟ್ ಮಾಡಿದವರು ನಾವು ಕೊಟ್ಟ ಸ್ಪೆಲಿಂಗನ್ನು ಹಾಗೆಯೇ ಹೊಡೆದು ನೋಡಿ ಕೈಬಿಟ್ಟಿದ್ದರು. ಅವತ್ತಿನಿಂದ ದುಡ್ಡು ಕೊಟ್ಟು ರಿಪೋರ್ಟ್ ತರಿಸುವುದು ನಿಲ್ಲಿಸಿದೆ.

ಕನ್ನಡದ ಹೆಸರುಗಳ ಕಷ್ಟ ಇರುವುದೇ ಇಲ್ಲಿ. ಲೇಬಲ್ಲಿನ ಮೇಲೆ ಕನ್ನಡ ಲಿಪಿ ಇದ್ದರೆ ಟ್ರೇಡ್‌ಮಾರ್ಕ್ ನಿಯಮ 28ರ ಪ್ರಕಾರ ಲಿಪ್ಯಂತರವನ್ನೂ ಅರ್ಥವನ್ನೂ ಅರ್ಜಿದಾರನೇ ಬರೆದುಕೊಡಬೇಕು. ಅವನು ರೋಮನ್‌ನಲ್ಲಿ ಹೇಗೆ ಬರೆದನೋ ಆ ಮಾರ್ಕ್ ಹಾಗೆ ಸಿಗುತ್ತದೆ. ಕಕ್ಷಿದಾರರ ನಿಜವಾದ ಹೆಸರು ಇಲ್ಲಿ ಬೇಡ, "ಹೊನ್ನತೆನೆ" ಎಂದಿಟ್ಟುಕೊಳ್ಳಿ. "ತೆ"ಗೆ ನಾವು ಟಿಎಚ್ ಹಾಕುತ್ತೇವೆ, ಉತ್ತರದವರು ಬರೀ ಟಿ ಹಾಕುತ್ತಾರೆ. ಎನ್ ಒಂದೋ ಎರಡೋ, ಕೊನೆಯಲ್ಲಿ ಇ, ವೈ, ಎಎವೈ ಯಾವುದಾದರೂ ಆಗಬಹುದು. ನಡುವೆ ಜಾಗ ಬಿಟ್ಟು ಎರಡು ಪದ ಮಾಡುವವರೂ ಇದ್ದಾರೆ. ಫೋನೆಟಿಕ್ ಸರ್ಚ್ ಇಂಗ್ಲಿಷ್ ಉಚ್ಚಾರದ ಲೆಕ್ಕದಲ್ಲಿ ಹುಡುಕುವುದರಿಂದ ಇಂಥ ಹೆಸರಿಗೆ ಅದೊಂದನ್ನೇ ನೆಚ್ಚಬಾರದು. ಸಂಬಂಧವೇ ಇಲ್ಲದ ನೂರಾರು ಹೆಸರು ಬರುತ್ತವೆ, ಬೇಕಾದದ್ದು ಬರುವುದಿಲ್ಲ. ನಾನು ವರ್ಡ್‌ಮಾರ್ಕ್ ಹುಡುಕಾಟದಲ್ಲಿ "ಕಂಟೇನ್ಸ್" (ಹೊಡೆದ ಅಕ್ಷರ ಹೆಸರಿನ ಎಲ್ಲಿದ್ದರೂ ತೋರಿಸು) ಇಟ್ಟುಕೊಂಡು ಹೆಸರನ್ನು ತುಂಡು ಮಾಡಿ ಹೊಡೆಯುತ್ತೇನೆ. ಮೂರು ನಾಲ್ಕು ಅಕ್ಷರದ ತುಂಡು, ಮೊದಲು ಹಿಂಭಾಗ, ಆಮೇಲೆ ಮುಂಭಾಗ.

ಹಿಂಭಾಗ ಮೊದಲು ಯಾಕೆಂದರೆ, ಅಮೃತಧಾರಾ ಮತ್ತು ಲಕ್ಷ್ಮಣಧಾರಾ ಪ್ರಕರಣದಲ್ಲಿ 1962ರಲ್ಲೇ ಸುಪ್ರೀಂ ಕೋರ್ಟ್ ಒಟ್ಟು ಹೆಸರಿನ ನಾದ ಸಾಮಾನ್ಯ ಗಿರಾಕಿಯ ಅರೆನೆನಪಿನಲ್ಲಿ ಹೇಗೆ ಉಳಿಯುತ್ತದೆ ಎಂದು ನೋಡಿತು. ಮುಂದಿನ ಅರ್ಧ ಬೇರೆ ಇದ್ದರೂ ಮಾರ್ಕ್ ಹೋಲಬಹುದು. ಮೊದಲ ಅಕ್ಷರದಿಂದ ಹುಡುಕುವವರ ಕೈಗೆ ಇಂಥವು ಸಿಗುವುದೇ ಇಲ್ಲ. ಯಾವ ವ್ಯಂಜನವನ್ನು ಯಾವುದರ ಜತೆ, ಯಾವ ಸರದಿಯಲ್ಲಿ ಬದಲಿಸಬೇಕು ಎಂಬುದಕ್ಕೆ ನನ್ನದೇ ಒಂದು ಪಟ್ಟಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಹತ್ತಿಪ್ಪತ್ತು ಹೆಸರು ಹುಡುಕಿದರೆ ನಿಮ್ಮ ಪಟ್ಟಿ ತಾನೇ ತಯಾರಾಗುತ್ತದೆ.

ಹೀಗೆ ಹುಡುಕುವಾಗ ಸಿಕ್ಕಿತು ಆ ಮಾರ್ಕ್. ಪಕ್ಕದ ರಾಜ್ಯದ ಹಿಟ್ಟಿನ ಗಿರಣಿಯೊಂದರದು, ಡಿವೈಸ್ ಮಾರ್ಕ್ (ಚಿತ್ರರೂಪದ್ದು), ಹೆಸರು ಎರಡು ತುಂಡಾಗಿ ದಾಖಲಾಗಿತ್ತು. ಸ್ಟೇಟಸ್ "ರಿಜಿಸ್ಟರ್ಡ್". ಸರಕಿನ ಪಟ್ಟಿಯಲ್ಲಿ ಕ್ಲಾಸ್ 30ರ ತಲೆಬರಹವನ್ನೇ ಪೂರ್ತಿ ಇಳಿಸಿದ್ದರು: ಕಾಫಿ, ಚಹಾ, ಹಿಟ್ಟು, ಮಸಾಲೆ ಎಲ್ಲ. ಇಷ್ಟು ಕಂಡರೆ ಬಹಳ ಜನ ಹೆಸರು ಬದಲಿಸಿ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ನಾನು ಅರ್ಜಿ ಸಂಖ್ಯೆ ಹಾಕಿ ಇ-ರಿಜಿಸ್ಟರ್ ತೆರೆದೆ. ಕಸುಬಿನ ಮುಕ್ಕಾಲು ಪಾಲು ಇರುವುದು ಅಲ್ಲಿ. ಅವರ ಮೂಲ ಅರ್ಜಿ, ಪರೀಕ್ಷಾ ವರದಿ, ಅದಕ್ಕೆ ಅವರ ವಕೀಲರು ಕೊಟ್ಟ ಉತ್ತರ ಎಲ್ಲ ಪಿಡಿಎಫ್ ಆಗಿ ಸಿಗುತ್ತವೆ. ಅರ್ಜಿ 2017ರದು, ಬಳಕೆಯ ಕಾಲಂನಲ್ಲಿ "ಮುಂದೆ ಬಳಸಲಿದ್ದೇವೆ" ಎಂದಿತ್ತು. ನಮ್ಮವರು ಚಟ್ನಿಪುಡಿ ಮಾರುತ್ತಿರುವುದು 2012ರಿಂದ. ಇನ್ನೂ ಮಜಬೂತಾದ ಸಂಗತಿ ಅವರ ಉತ್ತರದಲ್ಲಿತ್ತು. ಆಗ ಅಡ್ಡ ಬಂದಿದ್ದ ಮಸಾಲೆಯ ಒಂದು ಮಾರ್ಕಿಗೆ ಅವರೇ "ನಮ್ಮದು ಹಿಟ್ಟು, ಅವರದು ಮಸಾಲೆ, ಗಿರಾಕಿ ಬೇರೆ" ಎಂದು ವಾದಿಸಿದ್ದರು. ಅವರದೇ ಮಾತು, ಅವರದೇ ಸಹಿ. ಯಾವ ಸರ್ಚ್ ರಿಪೋರ್ಟಿನಲ್ಲೂ ಇದು ಬರುವುದಿಲ್ಲ. ಅದನ್ನು ನನ್ನ ಉತ್ತರಕ್ಕೆ ಮೊದಲ ದಾಖಲೆಯಾಗಿ ಲಗತ್ತಿಸಿದೆ.

ತೀರ್ಪು ಹುಡುಕಲು ಇಂಡಿಯನ್ ಕಾನೂನ್ ಎಂಬ ವೆಬ್‌ಸೈಟನ್ನು ಎಲ್ಲರೂ ಬಳಸುತ್ತಾರೆ, ಆದರೆ ಗೂಗಲ್‌ನಲ್ಲಿ ಹೊಡೆದ ಹಾಗೆ ಹೊಡೆಯುತ್ತಾರೆ. ಅಲ್ಲಿ ಆ್ಯಂಡ್ ಬರೆಯುವಾಗ ಕೊನೆಯ ಡಿ ಎರಡು ಸಲ ಹಾಕಬೇಕು, ಆರ್ ಎಂಬುದಕ್ಕೆ ಕೊನೆಯ ಆರ್ ಎರಡು ಸಲ, ನಾಟ್‌ಗೆ ಟಿ ಎರಡು ಸಲ. ಉದ್ಧರಣ ಚಿಹ್ನೆಯೊಳಗೆ ಪದಗುಚ್ಛ ಇಟ್ಟು, ಯಾವ ಕೋರ್ಟು, ಯಾವ ತಾರೀಖಿನಿಂದ ಎಂದು ಸೋಸಿದರೆ ಸಾವಿರ ತೀರ್ಪು ಮೂವತ್ತಕ್ಕೆ ಇಳಿಯುತ್ತವೆ. ಚೆನ್ನೈ ರಿಜಿಸ್ಟ್ರಿ ತಿರಸ್ಕರಿಸಿದರೆ ಹೋಗಬೇಕಾದದ್ದು ಮದ್ರಾಸ್ ಹೈಕೋರ್ಟಿಗೆ. ಮೊದಲು ಇಂಥ ಮೇಲ್ಮನವಿ ಕೇಳುತ್ತಿದ್ದ ಮಂಡಳಿ ಐಪಿಎಬಿ 2021ರಲ್ಲಿ ರದ್ದಾದ ಮೇಲಿನ ಅಲ್ಲಿನ ಆದೇಶಗಳನ್ನು ನಾನು ಬೇರೆಯಾಗಿಯೇ ಓದುತ್ತೇನೆ. ಸುಪ್ರೀಂ ಕೋರ್ಟಿನದಾದರೆ ಕೊನೆಗೆ ಆ ಕೋರ್ಟಿನದೇ ತೀರ್ಪುಗಳ ಸೈಟಾದ ಇ-ಎಸ್‌ಸಿಆರ್‌ನ ಪ್ರತಿಯನ್ನೇ ಲಗತ್ತಿಸುವುದು. 2023ರಿಂದ ಅದೂ ಪುಕ್ಕಟೆ.

ನನಗೆ ಬೇಕಿದ್ದದ್ದು ಎರಡೇ. ಚಾರ್‌ಮಿನಾರ್ ಸಿಗರೇಟಿನ ಕಂಪನಿಗೂ ಜರ್ದಾ ಮಾಡುವ ವಿಷ್ಣುದಾಸ್ ಅವರಿಗೂ ನಡೆದ 1996ರ ಪ್ರಕರಣ ಒಂದು: ಬರೀ ಸಿಗರೇಟು ಮಾಡುವವರು ತಂಬಾಕಿನ ಕ್ಲಾಸನ್ನೇ ಪೂರ್ತಿ ಹಿಡಿದುಕೊಂಡು ಕೂರುವಂತಿಲ್ಲ ಎಂದದ್ದು. ಇನ್ನೊಂದು ನಮ್ಮ ಮನೆಬಾಗಿಲಿನದೇ. ಕೆಎಂಎಫ್‌ನ ನಂದಿನಿ 1985ರಿಂದ, ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲು 1989ರಿಂದ. ರೋಮನ್ ಸ್ಪೆಲಿಂಗಿನಲ್ಲಿ ಒಂದು ಎಚ್ ಮಾತ್ರ ವ್ಯತ್ಯಾಸ. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನವರ ಪರ ತೀರ್ಪು ಕೊಟ್ಟು, ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ನೋಂದಣಿ ಇಲ್ಲ ಎಂದಿತು. ಈ ತೀರ್ಪನ್ನು ನಮ್ಮ ಜಿಲ್ಲೆಗಳ ವಕೀಲರು ಪೂರ್ತಿ ಓದಬೇಕು. ಒಂದೇ ಕ್ಲಾಸು ಎಂದಾಕ್ಷಣ ಒಂದೇ ಥರದ ಸರಕಾಗುವುದಿಲ್ಲ ಎಂಬುದನ್ನು ಇಷ್ಟು ಬಿಡಿಸಿ ಹೇಳಿದ, ನಮ್ಮ ಊರಿನ ಹೆಸರುಗಳೇ ಇರುವ ತೀರ್ಪು ಬೇರೆ ಸಿಗಲಿಕ್ಕಿಲ್ಲ.

ಕಷ್ಟ ಕೊಟ್ಟದ್ದು ಸಾಕ್ಷಿ. ಹಿಂದಿನ ಬಳಕೆ ಎಂದು ಹೇಳಿದರೆ ನಿಯಮ 25ರ ಪ್ರಕಾರ ಅಫಿಡವಿಟ್ ಜತೆ ದಾಖಲೆ ಬೇಕು. ನಮ್ಮ ಕಕ್ಷಿದಾರರ ಹಳೆಯ ಬಿಲ್ ಪುಸ್ತಕಗಳೆಲ್ಲ 2019ರ ಆಗಸ್ಟಿನ ನೆರೆಯಲ್ಲಿ ತೊಯ್ದು ಹೋಗಿದ್ದವು. "ಸರ್, ಇನ್ನ ಏನೂ ಉಳಿದಿಲ್ರಿ" ಎಂದು ಅಕ್ಕಾರು ಎದ್ದೇ ಬಿಟ್ಟಿದ್ದರು. ನಾನು ಕೂರಿಸಿ, ಯಾವ ವರ್ಷ ಯಾವ ಮೇಳದಲ್ಲಿ ಅಂಗಡಿ ಹಾಕಿದ್ದಿರಿ ಎಂದು ಕೇಳಿ ಬರೆದುಕೊಂಡೆ. ಧಾರವಾಡದ ಕೃಷಿ ಮೇಳಕ್ಕೆ ಅವರು ತಪ್ಪದೆ ಹೋಗುತ್ತಿದ್ದರು. ಯೂಟ್ಯೂಬ್‌ನಲ್ಲಿ ಕನ್ನಡ ಲಿಪಿಯಲ್ಲೇ "ಕೃಷಿ ಮೇಳ ಧಾರವಾಡ" ಎಂದು ಹುಡುಕಿ ಹಳೆಯ ವಿಡಿಯೋಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಯಾರೋ ರೈತರು ಮೊಬೈಲಿನಲ್ಲಿ ತೆಗೆದ ಒಂದು ವಿಡಿಯೋದಲ್ಲಿ ಎರಡು ಸೆಕೆಂಡು ಇವರ ಅಂಗಡಿ ಬಂತು. ನಿಲ್ಲಿಸಿ ನೋಡಿದರೆ ಹಸಿರು ಟೇಬಲ್ ಬಟ್ಟೆ, ಅದರ ಮೇಲೆ ಸಾಲಾಗಿ ಇಟ್ಟ ಪ್ಯಾಕೆಟ್, ಹಳದಿ ಲೇಬಲ್, ಮೊದಲ ನಾಲ್ಕು ಅಕ್ಷರ ಓದಲು ಬರುತ್ತಿದ್ದವು. ಅಪ್‌ಲೋಡ್ ಆದ ವರ್ಷ 2014. ಮಹಿಳಾ ಸಂಘಗಳ ವಸ್ತುಪ್ರದರ್ಶನದ ಹಳೆಯ ಪುಟವೊಂದು, ವೆಬ್‌ಪುಟಗಳ ಪ್ರತಿ ಕಾಯ್ದಿಡುವ ವೇಬ್ಯಾಕ್ ಮಷೀನಿನಲ್ಲಿ ಸಿಕ್ಕಿತು. ಮೂಲ ಸೈಟು ಎಂದೋ ಮುಚ್ಚಿತ್ತು. ಗಿರಾಕಿಯೊಬ್ಬರು 2013ರಲ್ಲಿ ಫೇಸ್‌ಬುಕ್ಕಿಗೆ ಹಾಕಿದ್ದ ಫೋಟೋ ಮೂರನೆಯದು.

ಇವನ್ನು ಬರೀ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡರೆ ನಾಳೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಡಿಜಿಟಲ್ ಸಾಕ್ಷಿಗೆ ಸರ್ಟಿಫಿಕೇಟ್ ಕೇಳುವ ಹಳೆಯ 65ಬಿ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್. ಸರ್ಟಿಫಿಕೇಟಿನಲ್ಲಿ ಎರಡು ಭಾಗ, ಎರಡನೆಯದು ತಜ್ಞರದು, ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲ್ ತಿದ್ದಿದರೆ ಬದಲಾಗುವ ಗುರುತಿನ ಸಂಖ್ಯೆ) ಬರೆಯಬೇಕು. ಸಿಕ್ಕ ಕೂಡಲೇ ಫೈಲ್ ಇಳಿಸಿಕೊಂಡು, ಪೂರ್ತಿ ವಿಳಾಸ ಮತ್ತು ಸಮಯ ಕಾಣುವಂತೆ ಪಿಡಿಎಫ್ ಮಾಡಿ, ಹ್ಯಾಶ್ ತೆಗೆದಿಡುವುದು ನನ್ನ ರೂಢಿ. ವಿಡಿಯೋ ಯಾವತ್ತು ಅಳಿಸಿ ಹೋಗುತ್ತದೋ ಹೇಳಲಾಗದು. ತಜ್ಞರಿಗೆ ಕೊಟ್ಟದ್ದು ಸುಮಾರು ಮೂರು ಸಾವಿರ. ಸರ್ಕಾರಿ ಶುಲ್ಕ ಬಿಟ್ಟರೆ ಇಡೀ ಕೆಲಸದಲ್ಲಿ ಹೊರಗಿನವರಿಗೆ ಹೋದ ದೊಡ್ಡ ಮೊತ್ತ ಇದೇ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ತೆನೆಯ ಚಿತ್ರಕ್ಕೆ ವಿಯೆನ್ನಾ ಕೋಡ್ (ಮಾರ್ಕಿನ ಚಿತ್ರಗಳನ್ನು ಗುಂಪು ಮಾಡುವ ಸಂಖ್ಯೆ) ಹಾಕಿ ಹುಡುಕಿದೆ. 5.7 ಎಂದರೆ ಕಾಳು, ಬೀಜ, ಹಣ್ಣಿನ ಗುಂಪು. ಅಕ್ಕಿ, ಗೋಧಿ ಹಿಟ್ಟಿನವರೆಲ್ಲ ತೆನೆಯನ್ನೇ ಬರೆಸಿರುತ್ತಾರೆ, ಪುಟಗಟ್ಟಲೆ ಬಂತು, ಪ್ರಯೋಜನವಾಗಲಿಲ್ಲ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ವೈಪೋದ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸಿನಲ್ಲಿ ಲೇಬಲ್ಲಿನ ಚಿತ್ರವನ್ನೇ ಹಾಕಿ ಹೋಲಿಕೆ ನೋಡಬಹುದು. ಲಾಂಛನ ವಿಶಿಷ್ಟವಾಗಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಎಐ ಚಾಟ್‌ಬಾಟ್‌ಗೆ ಸೆಕ್ಷನ್ 12ರ (ಪ್ರಾಮಾಣಿಕವಾಗಿ ಇಬ್ಬರೂ ಒಂದೇ ಕಾಲಕ್ಕೆ ಬಳಸಿದ ಮಾರ್ಕ್) ಮೇಲೆ ತೀರ್ಪು ಕೇಳಿದೆ. ಐದು ಕೊಟ್ಟಿತು, ಅವುಗಳಲ್ಲಿ ಎರಡು ಎಲ್ಲಿ ಹುಡುಕಿದರೂ ಇಲ್ಲ. ಮೂಲ ಪ್ರತಿ ಕಣ್ಣಾರೆ ನೋಡದೆ ಒಂದು ಸಾಲನ್ನೂ ಉತ್ತರಕ್ಕೆ ಹಾಕಬೇಡಿ. ಪುಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಇದೆ ಎಂದು ಅಕ್ಕಾರು ಲೇಬಲ್ಲಿನ ಹೆಸರಿಗೇ ಬ್ಯಾಡಗಿ ಸೇರಿಸೋಣ ಎಂದಿದ್ದರು. ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆ (ಜಿಐ) ಇದೆ. ಜಿಐ ರಿಜಿಸ್ಟ್ರಿಯ ಪುಟ ತೆರೆದು ತೋರಿಸಿ, ಮಾರ್ಕಿನಲ್ಲಿ ಬೇಡ, ಪದಾರ್ಥಗಳ ಪಟ್ಟಿಯಲ್ಲಿ ಬರೆಯಿರಿ ಎಂದೆ.

ರಿಜಿಸ್ಟರಿನಲ್ಲಿ ಇಲ್ಲದವರ ಬಗ್ಗೆ ಒಂದು ಮಾತು. ಸೆಕ್ಷನ್ 27(2) ಮತ್ತು 34 ಇರುವ ತನಕ ನೋಂದಣಿ ಮಾಡಿಸದ ಹಳೆಯ ಬಳಕೆದಾರ ಯಾವಾಗ ಬೇಕಾದರೂ ಎದುರು ನಿಲ್ಲಬಹುದು. ಇಂಡಿಯಾಮಾರ್ಟ್, ಅಮೆಜಾನ್, ಗೂಗಲ್ ಮ್ಯಾಪ್, ಕಂಪನಿಗಳ ಹೆಸರಿಗೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್, ಇವಿಷ್ಟನ್ನು ರೋಮನ್ ಮತ್ತು ಕನ್ನಡ ಎರಡೂ ಲಿಪಿಯಲ್ಲಿ ನೋಡುತ್ತೇನೆ. ಪ್ಯಾಕೆಟಿನ ಫೋಟೋ ಸಿಕ್ಕರೆ ಅದರ ಮೇಲಿನ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆಯನ್ನು ಅವರ ಪೋರ್ಟಲ್‌ನಲ್ಲಿ ಹಾಕಿದರೆ ತಯಾರಕರು ಯಾರೆಂದು ತಿಳಿಯುತ್ತದೆ. ಇಲ್ಲಿಯೂ ಒಂದು ಉಪಾಯ ನನ್ನಲ್ಲೇ ಇರಲಿ.

ಖರ್ಚಿನ ಲೆಕ್ಕ: ಸಣ್ಣ ಉದ್ದಿಮೆಗೆ ಕೊಡುವ ಉದ್ಯಮ್ ಸರ್ಟಿಫಿಕೇಟ್ ಇದ್ದುದರಿಂದ ಒಂಬತ್ತು ಸಾವಿರದ ಬದಲು 4,500 ಶುಲ್ಕ, ತಜ್ಞರಿಗೆ ಮೂರು ಸಾವಿರ, ಛಾಪಾ ಕಾಗದ, ನೋಟರಿ ಸೇರಿ ಇನ್ನೊಂದು ಏಳೆಂಟು ನೂರು. ಹೊರಗಿನ ಏಜೆಂಟರು ಇದೇ ಕೆಲಸಕ್ಕೆ ಹೇಳಿದ್ದು ಇಪ್ಪತ್ತೈದು ಸಾವಿರದ ಮೇಲೆ, ಅದೂ ಹೆಸರು ಬದಲಿಸಿ ಎಂಬ ಸಲಹೆಯ ಜತೆಗೆ. ವಿಡಿಯೋ ಹಿಯರಿಂಗ್ ಹತ್ತು ನಿಮಿಷವೂ ನಡೆಯಲಿಲ್ಲ. ಗಿರಣಿಯವರ ಹಳೆಯ ಉತ್ತರದ ಪುಟವನ್ನು ತೋರಿಸಿದೆ, ನಂದಿನಿ ತೀರ್ಪಿನ ಪ್ಯಾರಾ ಓದಿದೆ, ಸರಕಿನ ಪಟ್ಟಿಯನ್ನು ಚಟ್ನಿಪುಡಿಗಷ್ಟೇ ಇಳಿಸಲು ಒಪ್ಪಿದೆ. ಅಂಗೀಕಾರವಾಗಿ ರಿಜಿಸ್ಟ್ರಿಯ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಬಂತು. ಆಕ್ಷೇಪಣೆಯ ನಾಲ್ಕು ತಿಂಗಳು ಕಾದೆವು, ಗಿರಣಿಯವರು ಬರಲಿಲ್ಲ. ಸರ್ಟಿಫಿಕೇಟಿನ ಪ್ರಿಂಟ್ ಬಾರ್ ರೂಮಿಗೆ ಒಯ್ದಾಗ ಸೀನಿಯರ್ ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮರುವಾರ ತಮ್ಮ ಕಡೆಯ ಅಗರಬತ್ತಿಯವರೊಬ್ಬರನ್ನು ನನ್ನ ಆಫೀಸಿಗೆ ಕಳಿಸಿದರು. ಅವರಿಗೆ ಪವಿತ್ರ ಗ್ರಂಥದ ಹೆಸರೇ ಬೇಕಿತ್ತು. ಅಗರಬತ್ತಿಗೆ "ರಾಮಾಯಣ" ಕೊಡಲಾಗದು ಎಂದ 2015ರ ಸುಪ್ರೀಂ ಕೋರ್ಟ್ ತೀರ್ಪು ತೆಗೆದು ಕೈಗೆ ಕೊಟ್ಟೆ, ಅಲ್ಲಿಗೆ ಅವರ 4,500 ಉಳಿಯಿತು.

ಈಗ ಸೋಮವಾರ ಬೆಳಿಗ್ಗೆ ಹೊಸ ಜರ್ನಲ್ ಬಂದ ಕೂಡಲೇ 29, 30ನೇ ಕ್ಲಾಸುಗಳ ಪುಟ ತಿರುವಿ ಹಾಕುತ್ತೇನೆ. ನಮ್ಮ ಕಕ್ಷಿದಾರರ ಹೆಸರಿಗೆ ಹತ್ತಿರದ್ದು ಯಾರಾದರೂ ತಂದರೆ ನಾಲ್ಕು ತಿಂಗಳೊಳಗೆ ಆಕ್ಷೇಪಣೆಯ ಫಾರಂ ಟಿಎಂ-ಓ ಹಾಕಬೇಕಲ್ಲ. ಈ ಕಣ್ಗಾವಲಿಗೆ ವರ್ಷಕ್ಕೆ ಇಷ್ಟು ಎಂದು ಫೀಸು ಇಟ್ಟಿದ್ದೇನೆ, ಆರೇಳು ಜನ ಕೊಡುತ್ತಿದ್ದಾರೆ.