ಕೋಡ್ ಬರೆಯದೇನೇ ಮೊಬೈಲ್ ಕಂಪನಿಲಿ ಮೇಲೆ ಬರೋದು ಹೇಗೆ: ಡೊನ್ನಾ ಡುಬಿನ್ಸ್ಕಿ ದಾರಿ

ಮೊಬೈಲ್ ಫೀಲ್ಡಲ್ಲಿ ಸಿಇಒ ಆಗ್ಬೇಕಂದ್ರೆ ಇಂಜಿನಿಯರೇ ಆಗಿರ್ಬೇಕು ಅಂತ ತುಂಬಾ ಜನ ಅನ್ಕೊಂಡಿದಾರೆ, ಹಾಗೇನಿಲ್ಲ. ಜೇಬಲ್ಲಿಡೋ ಎಲೆಕ್ಟ್ರಾನಿಕ್ ಡೈರಿ ಪಾಮ್ ಪೈಲಟ್ ತಂದ ಪಾಮ್ ಕಂಪನಿ ನಡೆಸಿದ ಡೊನ್ನಾ ಡುಬಿನ್ಸ್ಕಿ ಹಾರ್ವರ್ಡಲ್ಲಿ ಎಂಬಿಎ ಮುಗಿಸಿ 1981ರಲ್ಲಿ ಆಪಲ್ ಸೇರಿದೋರು.

ಮೊದಲು ಮಾಲು ಓಡಾಡೋ ಕಡೆ ಕೆಲಸ ಹಿಡೀರಿ. ಆಪಲಲ್ಲಿ ಅವರು ನೋಡ್ಕೊಂಡಿದ್ದು ಡಿಸ್ಟ್ರಿಬ್ಯೂಷನ್, ಅಂದ್ರೆ ಗೋಡೌನು, ಸ್ಟಾಕು, ಡೀಲರ್ ಕೈಗೆ ಮಾಲು ಸೇರಿಸೋದು. ಹೊರಗಿಂದ ನೋಡಿದ್ರೆ ಬೋರು, ಆದ್ರೆ ಫೋನೋ ಟ್ಯಾಬೋ ಎಷ್ಟು ಮಾಡ್ಬೇಕು ಅನ್ನೋ ಲೆಕ್ಕ ತಪ್ಪಿದ್ರೆ ದುಡ್ಡೆಲ್ಲ ಗೋಡೌನಲ್ಲೇ ಕೊಳೆಯತ್ತೆ, ಆ ಲೆಕ್ಕ ಗೊತ್ತಿರೋರ ಮಾತಿಗೆ ಮೀಟಿಂಗಲ್ಲಿ ತೂಕ ಇರತ್ತೆ.

ಮೇಲಿನೋರನ್ನ ಎದುರು ಹಾಕ್ಕೊಳೋ ಸಂದರ್ಭ ಬಂದೇ ಬರತ್ತೆ. 1985ರಲ್ಲಿ ಸ್ಟೀವ್ ಜಾಬ್ಸ್ ಗೋಡೌನ್ ಮುಚ್ಚಿ ಫ್ರೀಮಾಂಟ್ ಫ್ಯಾಕ್ಟರಿಯಿಂದ ನೇರ ಡೀಲರಿಗೇ ಕಳ್ಸೋಣ ಅಂದಾಗ ಡುಬಿನ್ಸ್ಕಿ ಒಪ್ಪಲಿಲ್ಲ, ಎಳೆದಾಟ ಆಗಿ ಆಗಿ ಕೊನೆಗೆ 30 ದಿನ ಕೊಡಿ ನಾನೇ ಪ್ಲಾನ್ ಮಾಡ್ತೀನಿ, ಇಲ್ಲಾಂದ್ರೆ ಕೆಲಸ ಬಿಡ್ತೀನಿ ಅಂದ್ಬಿಟ್ರು. ಟೈಮ್ ಸಿಕ್ತು. ನೀವೂ ಹೀಗೇ ಕೇಳಿ, ಎಷ್ಟು ದಿನ ಬೇಕು, ಅಷ್ಟರಲ್ಲಿ ಏನು ಕೊಡ್ತೀರ. ಬಿಡ್ತೀನಿ ಅನ್ನೋ ಮಾತು ಮಾತ್ರ ನಿಜವಾಗ್ಲೂ ಬಿಡೋಕೆ ರೆಡಿ ಇದ್ರಷ್ಟೇ ಆಡಿ.

ಆಮೇಲೆ ಜೋಡಿ ಹುಡುಕಿ. 1992ರಲ್ಲಿ ಅವರು ಪಾಮ್ ಸಿಇಒ ಆದ್ರು, ಡಿಸೈನ್ ತಲೆ ಪಾಮ್ ಶುರು ಮಾಡಿದ ಜೆಫ್ ಹಾಕಿನ್ಸದ್ದು, ದುಡ್ಡು ಜನ ಡೀಲು ಇವರದ್ದು.

ಮುಖ್ಯವಾದ ಪಾಠ ಇರೋದು ಸೋತಾಗ. 1993ರಲ್ಲಿ ಕ್ಯಾಸಿಯೋ ಜೊತೆ ತಂದ ಜೂಮರ್ ಅನ್ನೋ ಕೈಲಿ ಹಿಡಿಯೋ ಕಂಪ್ಯೂಟರ್ ಓಡ್ಲಿಲ್ಲ. ಕೈ ಚೆಲ್ಲಿ ಕೂರದೆ ತಗೊಂಡಿದ್ದೋರನ್ನೇ ಕೇಳಿದ್ರು, ಆಗ ಗೊತ್ತಾಯ್ತು ಜನಕ್ಕೆ ಇನ್ನೊಂದು ಕಂಪ್ಯೂಟರ್ ಬೇಡ, ಪೇಪರ್ ಡೈರಿ ಬದಲಿಗೆ ಒಂದು ಬೇಕು, ಅದೂ ಟೇಬಲ್ ಮೇಲಿನ ಪಿಸಿ ಜೊತೆ ಹೊಂದ್ಕೋಬೇಕು ಅಂತ. ಹಾಕಿನ್ಸ್ ಶರ್ಟ್ ಜೇಬಿನ ಅಳತೆಗೆ ಮರದ ತುಂಡು ಕೊಯ್ದು ಇಟ್ಕೊಂಡು ಓಡಾಡಿದ್ರು, ಯಾರಾದ್ರೂ ಮೀಟಿಂಗ್ ಅಂದ್ರೆ ಅದನ್ನೇ ತೆಗೆದು ಬರೆಯೋ ಹಾಗೆ ಮಾಡೋರು. 1996ರಲ್ಲಿ ಪೈಲಟ್ ಬಂತು, 299 ಡಾಲರಿಂದ ಶುರು, ಸ್ಟ್ಯಾಂಡಲ್ಲಿ ಕೂರಿಸಿ ಒಂದು ಬಟನ್ ಒತ್ತಿದ್ರೆ ಪಿಸಿ ಜೊತೆ ಸಿಂಕ್. ನಿಮ್ಮ ಪ್ರಾಡಕ್ಟ್ ಬಿದ್ದೋದ್ರೆ ಕೊಂಡೋರಿಗೆ ನೀವೇ ಫೋನ್ ಮಾಡಿ, ಮುಂಚೆ ಇದೇ ಕೆಲಸಕ್ಕೆ ಏನು ಬಳಸ್ತಿದ್ರಿ ಅಂತ ಕೇಳಿ, ರೇಟಿಂಗ್ ಕೇಳ್ಬೇಡಿ.

ಕಂಪನಿ ಮಾರೋವಾಗ ಹುಷಾರು. ಪೈಲಟ್ ತಯಾರಿಗೆ ದುಡ್ಡು ಬೇಕಿತ್ತು, 1995ರಲ್ಲಿ ಪಾಮನ್ನ ಮೋಡೆಮ್ ಮಾಡೋ ಯುಎಸ್ ರೊಬೊಟಿಕ್ಸಿಗೆ 44 ಮಿಲಿಯನ್ ಡಾಲರಿಗೆ ಮಾರಿದ್ರು, 1997ರಲ್ಲಿ ಯುಎಸ್ ರೊಬೊಟಿಕ್ಸನ್ನೇ ನೆಟ್‌ವರ್ಕ್ ಕಂಪನಿ ತ್ರೀಕಾಮ್ ನುಂಗ್ತು. ಪಾಮನ್ನ ಬೇರೆ ಕಂಪನಿ ಮಾಡಿ ಅಂದ್ರೆ ತ್ರೀಕಾಮ್ ಆಗ ಒಪ್ಪಲಿಲ್ಲ, 1998ರಲ್ಲಿ ಡುಬಿನ್ಸ್ಕಿ, ಹಾಕಿನ್ಸ್ ಹೊರಬಂದು ಹ್ಯಾಂಡ್‌ಸ್ಪ್ರಿಂಗ್ ಅನ್ನೋ ಹೊಸ ಕಂಪನಿ ಕಟ್ಟಿದ್ರು. ಬೇಜಾರಿನ ವಿಷ್ಯ ಅಂದ್ರೆ ತಮ್ಮ ಟೀಮೇ ಮಾಡಿದ್ದ, ಪಾಮ್ ಸಾಧನಗಳನ್ನ ನಡೆಸೋ ಸಾಫ್ಟ್‌ವೇರ್ ಪಾಮ್ ಓಎಸ್‌ಗೆ ಲೈಸೆನ್ಸ್ ತಗೋಬೇಕಾಯ್ತು. ಅದಕ್ಕೇ ಸೈನ್ ಹಾಕೋ ಮುಂಚೆನೇ ಬಜೆಟ್ಟು, ಹೈರಿಂಗು, ಸಾಫ್ಟ್‌ವೇರ್ ಹಕ್ಕು ಯಾರ ಕೈಲಿರತ್ತೆ, ನಾಳೆ ಕೊಂಡೋರನ್ನೇ ಇನ್ಯಾರೋ ಕೊಂಡ್ರೆ ಏನಾಗತ್ತೆ, ಇಷ್ಟನ್ನೂ ಲಾಯರ್ ಹತ್ರ ಬರೆಸ್ಕೊಳಿ.