ಎಆರ್ ಕನ್ನಡಕವನ್ನು ಕೊಳ್ಳುವ ಮುನ್ನ ಪರೀಕ್ಷಿಸುವ ಕ್ರಮ

ಕಣ್ಣೆದುರಿನ ದೃಶ್ಯವನ್ನು ಮರೆಮಾಡದೆ ಅದರ ಮೇಲೆಯೇ ಅಕ್ಷರ, ಬಾಣದ ಗುರುತು, ಚಿತ್ರಗಳನ್ನು ಮೂಡಿಸುವ ಸಾಧನವನ್ನು ಎಆರ್ (ಆಗ್ಮೆಂಟೆಡ್ ರಿಯಾಲಿಟಿ) ಕನ್ನಡಕ ಎನ್ನುತ್ತಾರೆ. ಈ ಹಂಬಲ ಹಳೆಯದು. 1968ರಲ್ಲಿಯೇ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲೆಂಡ್ ಅವರು ಚಾವಣಿಗೆ ಜೋಡಿಸಿದ ಯಂತ್ರದ ತೋಳೊಂದಕ್ಕೆ ತಲೆಯ ಮೇಲೆ ಧರಿಸುವ ಪರದೆಯನ್ನು ಕಟ್ಟಿ, ಸರಳ ರೇಖಾಕೃತಿಗಳು ಕೋಣೆಯ ನಡುವೆ ತೇಲುವಂತೆ ತೋರಿಸಿದ್ದರು. ಅಂದಿನಿಂದ ಇಂದಿನವರೆಗೆ ಕಂಪ್ಯೂಟರುಗಳು ಊಹೆ ಮೀರಿ ಬೆಳೆದಿದ್ದರೂ, ಸಾಮಾನ್ಯ ಕನ್ನಡಕದಷ್ಟು ಹಗುರವಾಗಿದ್ದು ದಿನವಿಡೀ ಎಲ್ಲ ಕೆಲಸಕ್ಕೂ ಒದಗುವ ಎಆರ್ ಕನ್ನಡಕ ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಮುಖ್ಯ ತೊಡಕು ಲೆಕ್ಕಾಚಾರದ ವೇಗದಲ್ಲಿಲ್ಲ; ಬೆಳಕನ್ನು ಕಣ್ಣಿಗೆ ತಲುಪಿಸುವ ಗಾಜಿನಲ್ಲಿ, ಕನ್ನಡಕದ ಕಡ್ಡಿಯೊಳಗೆ ಹಿಡಿಸಬೇಕಾದ ಬ್ಯಾಟರಿಯಲ್ಲಿ ಮತ್ತು ನಮ್ಮ ಕಣ್ಣಿನ ರಚನೆಯಲ್ಲಿಯೇ ಇದೆ. ಈ ಮೂರನ್ನೂ ಜಾಹೀರಾತಿನ ವಿಡಿಯೊ ತೋರಿಸಲಾರದು. ಹಾಗಾಗಿ ಮೂವತ್ತು ಸಾವಿರದಿಂದ ಲಕ್ಷಗಳವರೆಗೆ ಹಣ ಹಾಕುವ ಮೊದಲು ಕೊಳ್ಳುವವರು ತಾವೇ ಮಾಡಿ ನೋಡಬಹುದಾದ ಪರೀಕ್ಷೆಗಳನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಬಗೆಯನ್ನು ಗುರುತಿಸಿ

ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ಇಟ್ಟಿರುವ ಕನ್ನಡಕಗಳು ಒಂದೇ ಜಾತಿಯವಲ್ಲ. 2025ರ ಮೇ ತಿಂಗಳಲ್ಲಿ 29,900 ರೂಪಾಯಿಯ ಆರಂಭಿಕ ಬೆಲೆಯೊಂದಿಗೆ ಭಾರತಕ್ಕೆ ಬಂದ ರೇ-ಬ್ಯಾನ್ ಮೆಟಾ ಕನ್ನಡಕದಲ್ಲಿ ಕ್ಯಾಮೆರಾ, ಮೈಕು, ಸ್ಪೀಕರುಗಳಿವೆ, ಆದರೆ ಪರದೆಯೇ ಇಲ್ಲ. ಅದು ಕಿವಿಗೆ ಉತ್ತರ ಹೇಳುತ್ತದೆಯೇ ಹೊರತು ಕಣ್ಣಿಗೆ ಏನನ್ನೂ ತೋರಿಸುವುದಿಲ್ಲ. ಎಕ್ಸ್‌ರಿಯಲ್ ಕಂಪನಿಯ ಕನ್ನಡಕಗಳು ಎರಡನೆಯ ಬಗೆಯವು: ಫೋನು ಅಥವಾ ಲ್ಯಾಪ್‌ಟಾಪಿಗೆ ವೈರಿನಿಂದ ಜೋಡಿಸಿದರೆ ಕಣ್ಣೆದುರು ದೊಡ್ಡ ಪರದೆಯೊಂದನ್ನು ತೆರೆಯುತ್ತವೆ. ಇವನ್ನು ಕೊಳ್ಳುವವರು ತಮ್ಮ ಫೋನಿನ ಯುಎಸ್‌ಬಿ-ಸಿ ಕಿಂಡಿಯಿಂದ ವಿಡಿಯೊ ಹೊರಗೆ ಬರುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಕಡಿಮೆ ಬೆಲೆಯ ಅನೇಕ ಫೋನುಗಳಲ್ಲಿ ಆ ಕಿಂಡಿ ಚಾರ್ಜಿಂಗಿಗೆ ಮತ್ತು ಕಡತಗಳ ವರ್ಗಾವಣೆಗೆ ಮಾತ್ರ ಬಳಕೆಯಾಗುತ್ತದೆ. ಮೂರನೆಯದು ನಿಜವಾದ ಅರ್ಥದ ಎಆರ್: ಸುತ್ತಲಿನ ಜಾಗವನ್ನು ಕ್ಯಾಮೆರಾಗಳಿಂದ ಅಳೆದು, ಮೇಜಿನ ಮೇಲೆ ಅಥವಾ ಯಂತ್ರದ ಪಕ್ಕದಲ್ಲಿ ಚಿತ್ರವನ್ನು ನೆಲೆಗೊಳಿಸುವ ಮೈಕ್ರೋಸಾಫ್ಟಿನ ಹೋಲೋಲೆನ್ಸ್, ಮ್ಯಾಜಿಕ್ ಲೀಪ್ ಮುಂತಾದವು. ಈ ಮೂರರಲ್ಲಿ ಯಾವುದನ್ನು ನೋಡುತ್ತಿದ್ದೇವೆ ಎಂಬುದು ಸ್ಪಷ್ಟವಾಗದೆ ಬೆಲೆಯ ಹೋಲಿಕೆಗೆ ಇಳಿಯುವುದು ವ್ಯರ್ಥ.

ಅನಂತರ ಒಂದು ಕೆಲಸವನ್ನು ಬರೆದುಕೊಳ್ಳಿ, ಒಂದನ್ನೇ. ಈ ತಂತ್ರಜ್ಞಾನ ಗೆದ್ದ ಕಡೆಯೆಲ್ಲ ಕೆಲಸ ಸಣ್ಣದಾಗಿಯೂ ನಿಶ್ಚಿತವಾಗಿಯೂ ಇತ್ತು. ನೆದರ್ಲೆಂಡ್ಸಿನ ಗೋದಾಮೊಂದರಲ್ಲಿ ಡಿಎಚ್‌ಎಲ್ ಮತ್ತು ರಿಕೋ ಕಂಪನಿಗಳು ನಡೆಸಿದ ಪ್ರಯೋಗದಲ್ಲಿ, ಯಾವ ಕಪಾಟಿನಿಂದ ಎಷ್ಟು ಸರಕು ತೆಗೆಯಬೇಕೆಂಬುದನ್ನು ಕನ್ನಡಕವೇ ತೋರಿಸಿದ್ದರಿಂದ ಕೆಲಸದ ದಕ್ಷತೆ ಶೇ 25ರಷ್ಟು ಹೆಚ್ಚಿತೆಂದು 2015ರಲ್ಲಿ ಡಿಎಚ್‌ಎಲ್ ಪ್ರಕಟಿಸಿತು. ವಿಮಾನಗಳ ವೈರುಗಳನ್ನು ಹೆಣೆಯುವ ಕೆಲಸದಲ್ಲಿ ಬೋಯಿಂಗ್ ಕೂಡ ಇಂಥ ಕನ್ನಡಕಗಳನ್ನು ಬಳಸಿತು. ಎರಡು ಕಡೆಯೂ ಕೈಗಳಿಗೆ ಬಿಡುವಿರಲಿಲ್ಲ, ಕಾಗದ ನೋಡಲು ಕೆಲಸ ನಿಲ್ಲಿಸಬೇಕಾಗಿತ್ತು, ತೋರಿಸಬೇಕಾದ ಮಾಹಿತಿಯೂ ಕೆಲವೇ ಪದಗಳಷ್ಟಿತ್ತು. ಇದಕ್ಕೆ ವಿರುದ್ಧವಾಗಿ, 2013ರಲ್ಲಿ 1,500 ಡಾಲರಿಗೆ ಆಯ್ದ ಬಳಕೆದಾರರಿಗೆ ದೊರೆತ ಗೂಗಲ್ ಗ್ಲಾಸ್ ಎಲ್ಲರಿಗೂ ಎಲ್ಲ ಹೊತ್ತಿಗೂ ಬೇಕಾಗುವ ವಸ್ತುವೆಂದು ಬಂದು, 2015ರ ಜನವರಿಯಲ್ಲಿ ಸಾಮಾನ್ಯ ಗ್ರಾಹಕರ ಮಾರಾಟದಿಂದ ಹಿಂದೆ ಸರಿಯಿತು. ಅದೇ ಸಾಧನ 2017ರಿಂದ ಕಾರ್ಖಾನೆಗಳಿಗೆಂದು ಮರಳಿ ಬಂದು 2023ರವರೆಗೆ ಮಾರಾಟದಲ್ಲಿತ್ತು.

ಗೇಣಿನಿಂದ ಅಳೆಯುವ ನೋಟದ ವ್ಯಾಪ್ತಿ

ಮನುಷ್ಯನ ಎರಡೂ ಕಣ್ಣುಗಳಿಗೆ ಅಡ್ಡಲಾಗಿ ಸುಮಾರು 200 ಡಿಗ್ರಿಯಷ್ಟು ದೃಶ್ಯ ಕಾಣುತ್ತದೆ. ಕನ್ನಡಕ ಚಿತ್ರ ಮೂಡಿಸಬಲ್ಲ ಭಾಗ ಅದರಲ್ಲಿ ಸಣ್ಣದೊಂದು ಕಿಟಕಿ ಮಾತ್ರ. ಕಿಟಕಿಯ ಆಚೆಗೆ ಚಿತ್ರ ಥಟ್ಟನೆ ಕತ್ತರಿಸಿಹೋಗುತ್ತದೆ. ಹೋಲೋಲೆನ್ಸ್ 2ರ ಕಿಟಕಿ ಕರ್ಣರೇಖೆಯಲ್ಲಿ 52 ಡಿಗ್ರಿ, ಮ್ಯಾಜಿಕ್ ಲೀಪ್ 2ರದ್ದು 70 ಡಿಗ್ರಿ, 2025ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ, ಪರದೆಯಿರುವ ಮೆಟಾ ರೇ-ಬ್ಯಾನ್ ಡಿಸ್‌ಪ್ಲೇಯದ್ದು ಬಲಗಣ್ಣಿಗೆ ಮಾತ್ರ 20 ಡಿಗ್ರಿ.

ಈ ಅಂಕಿಗಳನ್ನು ಕಣ್ಣಿಗೆ ತಂದುಕೊಳ್ಳಲು ತೋಳನ್ನು ಪೂರ್ತಿ ಚಾಚಿ ಗೇಣು ಬಿಡಿಸಿ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಕಾಣುವುದು ಸುಮಾರು 20 ಡಿಗ್ರಿ. ಬಂದ ಸಂದೇಶ ಓದುವುದಕ್ಕೆ, ಅನುವಾದದ ಸಾಲು ನೋಡುವುದಕ್ಕೆ, ಮುಂದಿನ ತಿರುವು ಎಡಕ್ಕೋ ಬಲಕ್ಕೋ ಎಂದು ತಿಳಿಯುವುದಕ್ಕೆ ಒಂದು ಗೇಣು ಸಾಕು. ಯಂತ್ರದ ಭಾಗಗಳ ಮೇಲೆ ಗುರುತು ಹಾಕಿ ತೋರಿಸಬೇಕಾದರೆ ಎರಡೂವರೆ ಗೇಣೂ ಕಡಿಮೆಯೆನಿಸುತ್ತದೆ, ಏಕೆಂದರೆ ಗುರುತು ಎಲ್ಲಿದೆ ಎಂದು ತಲೆ ತಿರುಗಿಸಿ ಹುಡುಕಬೇಕಾಗುತ್ತದೆ. ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡು ಚಿತ್ರದ ಎಡ ಅಂಚಿನಿಂದ ಬಲ ಅಂಚಿನವರೆಗೆ ಎಷ್ಟು ಗೇಣು ಎಂದು ಅಳೆದು ಬರೆದುಕೊಳ್ಳಿ.

ಪರದೆಯ ಅಳತೆಯನ್ನು ಇಂಚಿನಲ್ಲಿ ಹೇಳುವ ಮಾರಾಟದ ಮಾತನ್ನು ನಂಬಬೇಡಿ. 50 ಡಿಗ್ರಿಯ ಕಿಟಕಿಯನ್ನು ನಾಲ್ಕು ಮೀಟರ್ ದೂರದಲ್ಲಿ ಇದೆಯೆಂದು ಭಾವಿಸಿದರೆ ಅದು 147 ಇಂಚಿನ ಪರದೆಯಾಗುತ್ತದೆ. ಅದೇ ಕೋನವನ್ನು 14 ಇಂಚಿನ ಲ್ಯಾಪ್‌ಟಾಪನ್ನು 38 ಸೆಂಟಿಮೀಟರ್ ದೂರದಲ್ಲಿಟ್ಟು ನೋಡಿದರೂ ಪಡೆಯಬಹುದು. ಎರಡೂ ಲೆಕ್ಕ ಸರಿಯಾದವೇ. ಆದರೆ ಕೊಳ್ಳುವವರಿಗೆ ಎರಡನೆಯದು ಹೆಚ್ಚು ಪ್ರಯೋಜನಕಾರಿ.

ಬೆಳಕು ಮತ್ತು ಅಕ್ಷರ

ಮುಂದಿನ ಪರೀಕ್ಷೆಯನ್ನು ಅಂಗಡಿಯ ಒಳಗೆ ಮಾಡಲು ಬರುವುದಿಲ್ಲ. ಹೆಚ್ಚಿನ ಕನ್ನಡಕಗಳ ಗಾಜು ಹೊರಗಿನ ದೃಶ್ಯಕ್ಕೆ ತನ್ನ ಬೆಳಕನ್ನು ಸೇರಿಸಬಲ್ಲದು, ಇರುವ ಬೆಳಕನ್ನು ಬೇಕಾದ ಕಡೆ ಮಾತ್ರ ಅಳಿಸಲಾರದು. ಹಾಗಾಗಿ ಕಪ್ಪು ಬಣ್ಣವೆಂಬುದು ಅದರಲ್ಲಿ ಮೂಡುವುದೇ ಇಲ್ಲ. ಚಿತ್ರದಲ್ಲಿ ಕಪ್ಪಿರುವ ಜಾಗದಲ್ಲಿ ಹಿಂದಿನ ಗೋಡೆ ಕಾಣುತ್ತದೆ. ಜೊತೆಗೆ, ತೆಳುವಾದ ಗಾಜಿನೊಳಗೆ ಬೆಳಕನ್ನು ಪುಟಿಸುತ್ತಾ ಕಣ್ಣಿನವರೆಗೆ ಸಾಗಿಸುವ ವೇವ್‌ಗೈಡ್ ವಿಧಾನದಲ್ಲಿ ಹೊರಟ ಬೆಳಕಿನ ಅತಿ ಸಣ್ಣ ಪಾಲು ಮಾತ್ರ ಗುರಿ ಮುಟ್ಟುತ್ತದೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅನುಮತಿ ಕೇಳಿ ಬಾಗಿಲ ಹೊರಗೆ ಬಂದು, ಬಿಸಿಲು ಬಿದ್ದ ಬಿಳಿಗೋಡೆಯ ಎದುರು ನಿಂತು ಒಂದು ಸಂದೇಶವನ್ನು ಓದಿ ನೋಡಿ. ನಮ್ಮ ಊರುಗಳ ಬೇಸಿಗೆಯ ಬೆಳಕಿನಲ್ಲಿ ಓದಲಾಗದ ಕನ್ನಡಕವನ್ನು ದಾರಿ ತೋರಿಸಲೆಂದು ಕೊಳ್ಳುವುದರಲ್ಲಿ ಅರ್ಥವಿಲ್ಲ. ಕೆಲವು ತಯಾರಕರು ಗಾಜನ್ನು ಕಪ್ಪಾಗಿಸಿ ಈ ಕೊರತೆಯನ್ನು ತುಂಬುತ್ತಾರೆ. ಕುಳಿತು ಸಿನಿಮಾ ನೋಡುವವರಿಗೆ ಅದರಿಂದ ಅನುಕೂಲವೇ. ಮೆಟ್ಟಿಲು ಇಳಿಯುವವರಿಗೆ ಅಪಾಯ. ವಾಹನ ಓಡಿಸುವಾಗಲಂತೂ ಇಂಥ ಯಾವ ಕನ್ನಡಕವನ್ನೂ ಧರಿಸಬೇಡಿ.

ಅಕ್ಷರದ ಸ್ಪಷ್ಟತೆಯನ್ನು ಕನ್ನಡದಲ್ಲಿಯೇ ಪರೀಕ್ಷಿಸಬೇಕು. ಚೆನ್ನಾಗಿ ಕಾಣುವ ಕಣ್ಣು ಒಂದು ಡಿಗ್ರಿಯೊಳಗೆ ಸುಮಾರು 60 ಚುಕ್ಕೆಗಳನ್ನು ಬೇರ್ಪಡಿಸಬಲ್ಲದು; ಈಗಿನ ಒಳ್ಳೆಯ ಕನ್ನಡಕಗಳು ಡಿಗ್ರಿಗೆ 40ರಿಂದ 45 ಚುಕ್ಕೆಗಳ ಆಸುಪಾಸಿನಲ್ಲಿವೆ. ದೊಡ್ಡ ರೋಮನ್ ಅಕ್ಷರಗಳಿಗೆ ಈ ಕೊರತೆ ಅಷ್ಟಾಗಿ ಅಡ್ಡಬರುವುದಿಲ್ಲ. ಆದರೆ ವ, ಪ, ಷ, ಫಗಳ ವ್ಯತ್ಯಾಸ ಒಂದೆರಡು ಸಣ್ಣ ಗೆರೆಗಳಲ್ಲಿರುವ, ಒತ್ತಕ್ಷರಗಳು ಸಾಲಿನ ಕೆಳಗೆ ಇನ್ನೂ ಕಿರಿದಾಗಿ ಇಳಿಯುವ ನಮ್ಮ ಲಿಪಿಯಲ್ಲಿ ಅದು ಥಟ್ಟನೆ ಗೋಚರಿಸುತ್ತದೆ. ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’, ‘ಮಹತ್ತ್ವ’ ಎಂಬ ಪದಗಳನ್ನು ಸಾಮಾನ್ಯ ಗಾತ್ರದಲ್ಲಿ ತೆರೆದು, ಮೊದಲು ಪರದೆಯ ನಡುವೆ, ಅನಂತರ ನಾಲ್ಕೂ ಮೂಲೆಗಳಲ್ಲಿ ಓದಿ. ನಡುವೆ ಚೆನ್ನಾಗಿದ್ದು ಮೂಲೆಗಳಲ್ಲಿ ಮಸುಕಾದರೆ ಆ ಗಾಜು ನಿಮ್ಮ ಎರಡು ಪಾಪೆಗಳ ನಡುವಿನ ಅಂತರಕ್ಕೆ ಹೊಂದುತ್ತಿಲ್ಲದಿರಬಹುದು. ಬೇರೆ ಅಳತೆಯದು ಇದೆಯೇ ಎಂದು ಕೇಳಿ. ಪವರ್ ಇರುವವರು ತಮ್ಮ ಪವರಿನ ಗಾಜು ಅದಕ್ಕೆ ಸಿಗುತ್ತದೆಯೇ, ಅದರ ಬೆಲೆ ಬೇರೆಯೇ ಎಂಬುದನ್ನೂ ಆಗಲೇ ತಿಳಿದುಕೊಳ್ಳಬೇಕು.

ಕಣ್ಣು, ತಲೆ, ಕುತ್ತಿಗೆ

ಹತ್ತಿರದ ವಸ್ತುವನ್ನು ನೋಡುವಾಗ ಎರಡೂ ಕಣ್ಣುಗಳು ಮೂಗಿನ ಕಡೆಗೆ ಹೊರಳುತ್ತವೆ, ಕಣ್ಣಿನೊಳಗಿನ ಮಸೂರವೂ ಅದೇ ದೂರಕ್ಕೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಎಳವೆಯಿಂದ ಜೊತೆಯಾಗಿ ನಡೆದು ಬಂದ ಈ ಎರಡು ಕ್ರಿಯೆಗಳನ್ನು ಎಆರ್ ಕನ್ನಡಕ ಬೇರ್ಪಡಿಸುತ್ತದೆ. ಹೋಲೋಲೆನ್ಸ್‌ನಲ್ಲಿ ಚಿತ್ರದ ಬೆಳಕು ಸದಾ ಎರಡು ಮೀಟರ್ ದೂರದಿಂದ ಬಂದಂತೆ ಇರುತ್ತದೆ. ಚಿತ್ರವನ್ನು ಕೈಯಳತೆಯಲ್ಲಿ ತೋರಿಸಿದಾಗ ಕಣ್ಣುಗಳು ಹತ್ತಿರಕ್ಕೆ ಹೊರಳಿದರೂ ಮಸೂರ ದೂರಕ್ಕೇ ನಿಲ್ಲಬೇಕಾಗುತ್ತದೆ. ತಲೆನೋವಿಗೂ ಕಣ್ಣಿನ ಆಯಾಸಕ್ಕೂ ಇದು ಒಂದು ಮುಖ್ಯ ಕಾರಣ. ಇದನ್ನು ಪರೀಕ್ಷಿಸಲು ನಿಮ್ಮ ಬೆರಳ ತುದಿಯನ್ನು ಒಂದೂವರೆ ಅಡಿ ದೂರದಲ್ಲಿ ಹಿಡಿದು, ಕನ್ನಡಕದ ಅಕ್ಷರ ಅದರ ಪಕ್ಕದಲ್ಲಿ ಬರುವಂತೆ ಮಾಡಿ, ಎರಡೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತವೆಯೇ ಎಂದು ನೋಡಿ. ಚಾಳೀಸು ಬಂದವರಿಗೆ ದೂರದಲ್ಲಿ ನಿಂತ ಅಕ್ಷರ ಸುಲಭವಾಗಿ ಕಾಣಬಹುದು, ಆದರೆ ಕೈಯಲ್ಲಿರುವ ವಸ್ತು ಮಸುಕಾಗುತ್ತದೆ.

ಹತ್ತು ನಿಮಿಷದ ಪ್ರದರ್ಶನದಲ್ಲಿ ಎಲ್ಲ ಕನ್ನಡಕವೂ ಹಗುರವೇ. ಅಮೆರಿಕದ ಸೈನ್ಯ ಹೋಲೋಲೆನ್ಸ್ ಆಧಾರದ ಸಾಧನವನ್ನು 2022ರಲ್ಲಿ ಸೈನಿಕರಿಗೆ ತೊಡಿಸಿ ಪರೀಕ್ಷಿಸಿದಾಗ ತಲೆನೋವು, ಕಣ್ಣಿನ ಆಯಾಸ, ವಾಕರಿಕೆಯ ದೂರುಗಳು ಬಂದವು. ತೊಂದರೆ ಅನುಭವಿಸಿದವರಲ್ಲಿ ಶೇ 80ಕ್ಕಿಂತ ಹೆಚ್ಚಿನವರಿಗೆ ಅದು ಮೂರು ಗಂಟೆಯೊಳಗೇ ಕಾಣಿಸಿಕೊಂಡಿತ್ತು. ಅವರು ತರಬೇತಿ ಪಡೆದ ದೃಢಕಾಯರು ಎಂಬುದನ್ನು ನೆನಪಿಡಬೇಕು. ಹೋಲೋಲೆನ್ಸ್ 2ರ ತೂಕ 566 ಗ್ರಾಂ, ಮೆಟಾ ರೇ-ಬ್ಯಾನ್ ಡಿಸ್‌ಪ್ಲೇಯದ್ದು 69 ಗ್ರಾಂ. ಆದ್ದರಿಂದ ವಾಪಸು ಪಡೆಯುವ ಅವಧಿ ಎಷ್ಟು ದಿನವೆಂದು ರಸೀದಿಯಲ್ಲಿ ಬರೆಸಿಕೊಂಡು, ಮನೆಯಲ್ಲಿ ಒಂದೇ ಸಮನೆ ಒಂದು ಗಂಟೆ ಧರಿಸಿ, ಮೂಗಿನ ಮೇಲಿನ ಒತ್ತಡವನ್ನೂ ಕಿವಿಯ ಬಳಿ ಕಡ್ಡಿ ಎಷ್ಟು ಬಿಸಿಯಾಗುತ್ತದೆ ಎಂಬುದನ್ನೂ ಗಮನಿಸಿ. ಮೂರನೆಯ ಬಗೆಯ ಕನ್ನಡಕವಾದರೆ ಚಿತ್ರವೊಂದನ್ನು ಮೇಜಿನ ಮೂಲೆಯಲ್ಲಿ ನಿಲ್ಲಿಸಿ ಸುತ್ತ ನಡೆದು ಬನ್ನಿ, ದೀಪ ಮಂದಮಾಡಿ ಮತ್ತೊಮ್ಮೆ ನಡೆಯಿರಿ. ಚಿತ್ರ ಮೂಲೆಯಿಂದ ಜಾರಿದರೆ ಆ ಸಾಧನದಿಂದ ದುರಸ್ತಿ ಕೆಲಸ ಕಲಿಸಲಾಗದು.

ಕಿವಿ ಕೇಳದವರಿಗಾಗಿ ಕೊಳ್ಳುವುದಾದರೆ

ಈ ತಂತ್ರಜ್ಞಾನದ ಭರವಸೆಗಳಲ್ಲಿ ನಾನು ಅತ್ಯಂತ ಬೆಲೆಕೊಡುವುದು ಎದುರಿನವರ ಮಾತನ್ನು ಅಕ್ಷರವಾಗಿಸಿ ಕನ್ನಡಕದಲ್ಲಿ ಮೂಡಿಸುವ ಸೌಲಭ್ಯಕ್ಕೆ. ಕಿವಿ ಮಂದವಾದ ಹಿರಿಯರು ಮನೆಮಂದಿಯ ಮಾತಿನ ನಡುವೆಯೇ ಒಂಟಿಯಾಗಿಬಿಡುವುದನ್ನು ನಾವೆಲ್ಲ ನೋಡಿದ್ದೇವೆ. ಫೋನಿನಲ್ಲಿ ಅಕ್ಷರ ಓದಬೇಕಾದರೆ ಮಾತನಾಡುವವರ ಮುಖದಿಂದ ದೃಷ್ಟಿ ತೆಗೆಯಬೇಕು; ಕನ್ನಡಕದಲ್ಲಿ ಮುಖ, ತುಟಿಯ ಚಲನೆ, ಅಕ್ಷರ ಮೂರೂ ಒಟ್ಟಿಗೆ ಕಾಣುತ್ತವೆ. ಸಣ್ಣ ಕಿಟಕಿ, ಒಂದೇ ಬಣ್ಣದ ಪರದೆ ಇದ್ದರೂ ಈ ಕೆಲಸಕ್ಕೆ ಕೊರತೆಯಾಗುವುದಿಲ್ಲ.

ಆದರೆ ಪರೀಕ್ಷೆ ಇನ್ನಷ್ಟು ಕಟ್ಟುನಿಟ್ಟಾಗಿರಬೇಕು. ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಹೆಸರಿರುವುದು ಸಾಲದು. ಬಳಸಲಿರುವ ಹಿರಿಯರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಮನೆಯಲ್ಲಿ ಆಡುವ ಮಾತನ್ನೇ ಆಡಿ. ಧಾರವಾಡದ ಕಡೆಯ ‘ಎಲ್ಲಿ ಹೊಂಟೀರಿ’, ಮೈಸೂರಿನ ಕಡೆಯ ‘ಎಲ್ಲಿಗ್ ಹೊರಟ್ರಿ’ ಎರಡನ್ನೂ ಅದು ಹಿಡಿಯುತ್ತದೆಯೇ, ನಡುವೆ ಬರುವ ಇಂಗ್ಲಿಷ್ ಪದಗಳಿಗೆ ಮುಗ್ಗರಿಸುತ್ತದೆಯೇ, ಇಬ್ಬರು ಒಟ್ಟಿಗೆ ಮಾತನಾಡಿದರೆ ಏನಾಗುತ್ತದೆ ಎಂಬುದನ್ನು ನೋಡಿ. ಫ್ಯಾನು ತಿರುಗುತ್ತಿರುವ, ಪಕ್ಕದಲ್ಲಿ ಟಿವಿ ಹಾಕಿರುವ ಕಡೆ ಮತ್ತೊಮ್ಮೆ ನೋಡಿ. ಮಾತು ಮುಗಿದ ಎಷ್ಟು ಹೊತ್ತಿಗೆ ಅಕ್ಷರ ಬರುತ್ತದೆ ಎಂಬುದು ಬಹಳ ಮುಖ್ಯ: ತಡವಾದರೆ ಹಿರಿಯರು ಉತ್ತರ ಕೊಡುವಷ್ಟರಲ್ಲಿ ಸಂಭಾಷಣೆ ಮುಂದೆ ಸಾಗಿರುತ್ತದೆ. ಔಷಧದ ಹೆಸರನ್ನೋ ಹಣದ ಮೊತ್ತವನ್ನೋ ಒಮ್ಮೆ ತಪ್ಪಾಗಿ ತೋರಿಸಿದರೂ, ವೈದ್ಯರ ಬಳಿ ಮತ್ತು ಬ್ಯಾಂಕಿನಲ್ಲಿ ಅದನ್ನು ಮಾತ್ರ ನೆಚ್ಚಿಕೊಳ್ಳಬಾರದೆಂದು ಅವರಿಗೆ ತಿಳಿಹೇಳಿ.

ಎದುರಿನವರ ಒಪ್ಪಿಗೆ, ಕಂಪನಿಯ ಆಯುಷ್ಯ

ಕ್ಯಾಮೆರಾ ಇರುವ ಕನ್ನಡಕವಾದರೆ ಚಿತ್ರೀಕರಣ ನಡೆಯುವಾಗ ಹೊತ್ತಿಕೊಳ್ಳುವ ಸಣ್ಣ ದೀಪ ಬಿಸಿಲಿನಲ್ಲಿ ಎದುರಿನವರಿಗೆ ಕಾಣುತ್ತದೆಯೇ ಎಂದು ಇನ್ನೊಬ್ಬರನ್ನು ನಿಲ್ಲಿಸಿ ಕೇಳಿ. ಕಾಣದಿದ್ದರೆ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಪಡೆಯುವುದು ಧರಿಸಿದವರ ಹೊಣೆ. ಶಾಲೆ, ಆಸ್ಪತ್ರೆ, ದೇವಸ್ಥಾನದ ಗರ್ಭಗುಡಿಯ ಮುಂದೆ ಅದನ್ನು ತೆಗೆದು ಪೆಟ್ಟಿಗೆಯಲ್ಲಿಡುವುದೇ ಸರಿ.

ಕೊನೆಯದಾಗಿ, ಕನ್ನಡಕ ಯಾರ ಸರ್ವರನ್ನು ಅವಲಂಬಿಸಿದೆ ಎಂದು ತಿಳಿದುಕೊಳ್ಳಿ. ಕೆನಡಾದ ನಾರ್ತ್ ಕಂಪನಿ ಫೋಕಲ್ಸ್ ಎಂಬ ಸೊಗಸಾದ ಕನ್ನಡಕವನ್ನು ಮಾರುತ್ತಿತ್ತು. 2020ರ ಜೂನಿನಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡಿತು, ಜುಲೈ 31ಕ್ಕೆ ಸೇವೆ ನಿಂತು ಕೊಂಡವರ ಮೂಗಿನ ಮೇಲೆ ಉಳಿದದ್ದು ಬರಿಯ ಫ್ರೇಮು. ನಾರ್ತ್ ಹಣ ಹಿಂತಿರುಗಿಸಿತು, ಎಲ್ಲರೂ ಹಾಗೆ ಮಾಡುತ್ತಾರೆಂದು ಹೇಳಲಾಗದು. 3,500 ಡಾಲರಿನ ಹೋಲೋಲೆನ್ಸ್ 2ರ ತಯಾರಿಕೆಯನ್ನೂ ಮೈಕ್ರೋಸಾಫ್ಟ್ 2024ರಲ್ಲಿ ನಿಲ್ಲಿಸಿತು. ಅಂಗಡಿಯಲ್ಲಿಯೇ ಫೋನಿನ ಇಂಟರ್‌ನೆಟ್ಟನ್ನು ಆಫ್ ಮಾಡಿ, ನೀವು ಬರೆದುಕೊಂಡ ಆ ಒಂದು ಕೆಲಸವನ್ನು ಕನ್ನಡಕದಿಂದ ಮಾಡಿಸಿ ನೋಡಿ. ಅದು ನಿಂತುಹೋದರೆ, ತಯಾರಕರು ಎಷ್ಟು ವರ್ಷ ಸೇವೆ ಕೊಡುತ್ತಾರೆಂಬುದನ್ನು ಲಿಖಿತವಾಗಿ ಪಡೆಯದೆ ಹಣ ಕೊಡಬೇಡಿ.